ಊರ ನಡುವಿನ ಪೇಟೆಯೂ ವರ್ತಕರ ಸಂಘವೂ: ನಗರ ಯೋಜಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ವರ್ತಕರ ಸಂಘವೊಂದರ ಕಾರ್ಯದರ್ಶಿ):

ಮೇಡಂ, ನಮಸ್ಕಾರ. ಊರಿನ ನಡುವೆ ಇರುವ ಹಳೆಯ ಪೇಟೆಬೀದಿಯ ವರ್ತಕರ ಸಂಘಕ್ಕೆ ನಾನು ಎರಡು ವರ್ಷಗಳಿಂದ ಕಾರ್ಯದರ್ಶಿಯಾಗಿದ್ದೇನೆ. ಹೊರವಲಯದಲ್ಲಿ ಮಾಲ್ ಬಂದ ಮೇಲೆ, ಜನ ಮೊಬೈಲಿನಲ್ಲಿಯೇ ಖರೀದಿ ಮಾಡತೊಡಗಿದ ಮೇಲೆ ನಮ್ಮಲ್ಲಿಗೆ ಬರುವ ಗಿರಾಕಿಗಳು ಕಡಿಮೆಯಾಗಿದ್ದಾರೆ. ಕೆಲವು ಮಳಿಗೆಗಳಿಗೆ ಬೀಗ ಬಿದ್ದು ವರ್ಷವಾಯಿತು. ಸಂಘದಿಂದ ಏನಾದರೂ ಮಾಡೋಣವೆಂದರೆ ಸದಸ್ಯರಲ್ಲಿ ಅರ್ಧದಷ್ಟು ಜನವೂ ವಂತಿಗೆ ಕೊಡುವುದಿಲ್ಲ. ಕೊಡದವರೇ ಸಭೆಯಲ್ಲಿ ಹೆಚ್ಚು ಪ್ರಶ್ನೆ ಕೇಳುತ್ತಾರೆ. ನಾವು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ:

ನಮಸ್ಕಾರ ಸರ್. ತಾವು ಮಾಲ್, ಆನ್‌ಲೈನ್ ವ್ಯಾಪಾರ, ವಂತಿಗೆ ಎಂಬ ಮೂರು ತೊಂದರೆಗಳನ್ನು ಹೇಳಿದ್ದೀರಿ, ವಂತಿಗೆಯನ್ನು ಕೊನೆಗೆ ಇಟ್ಟಿದ್ದೀರಿ. ಬಹಳ ವರ್ಷಗಳಿಂದ ಇಂಥ ಸಂಘಗಳೊಂದಿಗೆ ಕೆಲಸ ಮಾಡಿರುವ ನಾನು ಅದನ್ನೇ ಮೊದಲಿಗೆ ಇಡುತ್ತೇನೆ.

ಪೂರ್ತಿ ಮುಚ್ಚಿದ, ಹವಾನಿಯಂತ್ರಿತವಾದ ಮೊದಲ ಮಾಲ್ ಎಂದು ಹೆಸರಾದ ಸೌತ್‌ಡೇಲ್, ವಿಕ್ಟರ್ ಗ್ರೂಯೆನ್ ಅವರ ವಿನ್ಯಾಸದಲ್ಲಿ 1956ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆರಂಭವಾಯಿತು. ಮಾಲ್‌ನ ತಂಪನ್ನೂ ಬೆಳಕನ್ನೂ ಎಲ್ಲರೂ ಗಮನಿಸುತ್ತಾರೆ. ಅದರ ಹಿಂದಿರುವ ಏರ್ಪಾಟನ್ನು ಗಮನಿಸುವವರು ವಿರಳ. ಅಲ್ಲಿ ಇಡೀ ಕಟ್ಟಡಕ್ಕೆ ಒಂದೇ ಆಡಳಿತ ಕಚೇರಿ ಇರುತ್ತದೆ. ಪ್ರತಿಯೊಂದು ಮಳಿಗೆಯೂ ಬಾಡಿಗೆಯ ಜೊತೆಗೆ ನಿರ್ವಹಣಾ ಶುಲ್ಕವನ್ನು ಕಟ್ಟಲೇಬೇಕು, ನಿಗದಿಯಾದ ಹೊತ್ತಿಗೆ ಬಾಗಿಲು ತೆರೆಯಲೇಬೇಕು. ಗುಡಿಸುವುದು, ದೀಪ, ಶೌಚಾಲಯ, ವಾಹನ ನಿಲುಗಡೆ, ಜಾಹೀರಾತು, ಯಾವ ಅಂಗಡಿಯ ಪಕ್ಕದಲ್ಲಿ ಯಾವುದಿದ್ದರೆ ಎರಡಕ್ಕೂ ಅನುಕೂಲ ಎಂಬ ತೀರ್ಮಾನ, ಇವೆಲ್ಲವೂ ಆ ಒಂದು ಕಚೇರಿಯ ಹೊಣೆ. ಪೇಟೆಬೀದಿಯಲ್ಲಾದರೋ ಹತ್ತಾರು ಕಟ್ಟಡ ಮಾಲೀಕರು, ಅವರ ಬಾಡಿಗೆದಾರರು, ರಸ್ತೆಗೆ ನಗರಾಡಳಿತ, ಸಂಚಾರಕ್ಕೆ ಪೊಲೀಸರು. ಇಡೀ ಬೀದಿಯನ್ನು ತನ್ನದೆಂದು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಆ ಖಾಲಿ ಜಾಗವನ್ನು ತುಂಬಬೇಕಾದದ್ದು ವರ್ತಕರ ಸಂಘ. ಮನವಿಪತ್ರ ಕೊಡುವುದು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯುವುದು, ಇಷ್ಟರಲ್ಲಿಯೇ ಸಂಘ ನಿಂತುಬಿಟ್ಟರೆ ಬೀದಿಗೆ ದಿಕ್ಕಿರುವುದಿಲ್ಲ.

ಇನ್ನು ವಂತಿಗೆಯ ವಿಚಾರ. ಬೀದಿಗೆ ದೀಪ ಹಾಕಿಸಿದರೆ ವಂತಿಗೆ ಕೊಟ್ಟವನ ಅಂಗಡಿಯ ಮುಂದೆಯೂ ಬೆಳಕಾಗುತ್ತದೆ, ಕೊಡದವನ ಅಂಗಡಿಯ ಮುಂದೆಯೂ ಬೆಳಕಾಗುತ್ತದೆ. ಹೀಗಿರುವಾಗ ಕೊಡದಿರುವುದೇ ಜಾಣತನವೆಂದು ಒಬ್ಬರಿಗೆ ಅನ್ನಿಸಿದರೆ, ನೋಡನೋಡುತ್ತ ಎಲ್ಲರಿಗೂ ಅನ್ನಿಸುತ್ತದೆ. ಇದನ್ನು ಸದಸ್ಯರ ಸ್ವಭಾವದ ದೋಷವೆಂದು ತಾವು ನೊಂದುಕೊಳ್ಳಬೇಡಿ. ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ 1965ರಲ್ಲಿಯೇ ವಿವರಿಸಿದಂತೆ, ಲಾಭ ಎಲ್ಲರಿಗೂ ಸಿಗುವ ಕೆಲಸಕ್ಕೆ ಸ್ವಇಚ್ಛೆಯ ಹಣ ಸಾಲದೆ ಹೋಗುವುದು ದೊಡ್ಡ ಗುಂಪುಗಳಲ್ಲಿ ಸಾಮಾನ್ಯ.

ಕೆನಡಾದ ಟೊರಾಂಟೊದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಪೇಟೆಯ ವರ್ತಕರು ಇದಕ್ಕೊಂದು ದಾರಿ ಹುಡುಕಿದರು. 1960ರ ದಶಕದಲ್ಲಿ ಒಂದು ಕಡೆ ಹೊಸ ಮಾಲ್‌ಗಳು ಬಂದವು. ಇನ್ನೊಂದು ಕಡೆ ಬೀದಿಯ ಮೇಲೆ ಓಡುತ್ತಿದ್ದ ಟ್ರಾಮಿನ ಬದಲು ನೆಲದಡಿಯ ರೈಲು ಬಂದು, ಅಂಗಡಿಗಳನ್ನು ನೋಡುತ್ತ ಸಾಗುತ್ತಿದ್ದ ಜನ ನೆಲದ ಕೆಳಗೇ ಹಾದುಹೋಗತೊಡಗಿದರು. ಸ್ವಇಚ್ಛೆಯ ವಂತಿಗೆಯಿಂದ ಏನೂ ಸಾಧ್ಯವಿಲ್ಲವೆಂದು ಕಂಡ ವರ್ತಕರು, ಗೊತ್ತುಪಡಿಸಿದ ಎಲ್ಲೆಯೊಳಗಿನ ಪ್ರತಿಯೊಂದು ವ್ಯಾಪಾರದಿಂದಲೂ ಹೆಚ್ಚುವರಿ ಕರವನ್ನು ನಗರಾಡಳಿತವೇ ವಸೂಲು ಮಾಡಿ ಆ ಪೇಟೆಯ ಮಂಡಳಿಗೆ ಹಿಂದಿರುಗಿಸಬೇಕೆಂದು ಕೇಳಿದರು. ಪ್ರಾಂತ್ಯದ ಸರ್ಕಾರ ಅದಕ್ಕೆ ಕಾನೂನು ಮಾಡಿತು. 1970ರಲ್ಲಿ ಮೊದಲ ವ್ಯಾಪಾರ ಸುಧಾರಣಾ ಪ್ರದೇಶ ಹುಟ್ಟಿತು. ಇಂದು ಆ ಒಂದು ನಗರದಲ್ಲಿಯೇ ಇಂಥವು 80ಕ್ಕೂ ಹೆಚ್ಚಿವೆ. ಇಂಗ್ಲೆಂಡು 2003ರ ಕಾನೂನಿನಲ್ಲಿ ಇದೇ ಪದ್ಧತಿಗೆ ಎರಡು ಕಟ್ಟುಪಾಡುಗಳನ್ನು ಸೇರಿಸಿತು. ಕರ ಕಟ್ಟಬೇಕಾದ ವ್ಯಾಪಾರಗಳು ಮತ ಹಾಕಿ ಒಪ್ಪಬೇಕು, ಅದೂ ಮತಗಳ ಸಂಖ್ಯೆಯಲ್ಲಿ ಮತ್ತು ಆಸ್ತಿಗಳ ತೆರಿಗೆ ಮೌಲ್ಯದಲ್ಲಿ ಎರಡರಲ್ಲೂ ಬಹುಮತ ಬರಬೇಕು. ಹೆಚ್ಚೆಂದರೆ 5 ವರ್ಷಗಳಿಗೊಮ್ಮೆ ಮತ್ತೆ ಮತಕ್ಕೆ ಹೋಗಬೇಕು. ದೊಡ್ಡವರು ಚಿಕ್ಕವರ ಮೇಲೆ ಹೊರೆ ಹೊರಿಸದಂತೆಯೂ, ಚಿಕ್ಕವರೆಲ್ಲ ಸೇರಿ ದೊಡ್ಡವರ ಹಣವನ್ನು ಖರ್ಚು ಮಾಡದಂತೆಯೂ ಈ ಎರಡು ಬಹುಮತಗಳು ಕಾಯುತ್ತವೆ. ನನಗೆ ಬಹಳ ಮೆಚ್ಚಿಗೆಯಾದ ಏರ್ಪಾಟು ಇದು.

ತಮ್ಮಲ್ಲಿ ಅಂಥ ಕಾನೂನು ಇಲ್ಲದಿದ್ದರೂ ಅದರ ತಿರುಳನ್ನು ಅಳವಡಿಸಿಕೊಳ್ಳಬಹುದು. ವಂತಿಗೆಯನ್ನು ಎಲ್ಲರಿಗೂ ಸಮನಾಗಿ ಇಡದೆ ಮುಂಗಟ್ಟಿನ ಅಗಲಕ್ಕೆ ತಕ್ಕಂತೆ ಇಡಿ, ಒಂದು ವರ್ಷಕ್ಕೆ ಒಂದೇ ಕೆಲಸವನ್ನು ಹೆಸರಿಸಿ ಅದಕ್ಕಾಗಿಯೇ ಹಣ ಕೇಳಿ, ಮೂರು ತಿಂಗಳಿಗೊಮ್ಮೆ ಜಮಾ-ಖರ್ಚನ್ನು ಬೀದಿಯಲ್ಲಿಯೇ ಎಲ್ಲರಿಗೂ ಕಾಣುವಂತೆ ಅಂಟಿಸಿ. ಕೊಡದವರ ಹೆಸರನ್ನು ಮಾತ್ರ ಅಂಟಿಸಬೇಡಿ. ಅದರಿಂದ ಹಣವೂ ಬರುವುದಿಲ್ಲ, ಮುರಿದ ಮನಸ್ಸು ಮತ್ತೆ ಕೂಡುವುದೂ ಇಲ್ಲ.

ಪ್ರಶ್ನೆ (ಅದೇ ಸಂಘದ ಸದಸ್ಯರೊಬ್ಬರು):

ಕಾರ್ಯದರ್ಶಿಯವರು ಕೇಳಿದ್ದು ಸರಿ, ಆದರೆ ನಮ್ಮಲ್ಲಿ ನಿಜವಾದ ಜಗಳವಿರುವುದು ವಾಹನ ನಿಲುಗಡೆಯ ಬಗ್ಗೆ. ಬೀದಿಗೆ ವಾಹನಗಳನ್ನು ಪೂರ್ತಿ ನಿಲ್ಲಿಸಿ ನಡೆಯುವವರಿಗಷ್ಟೇ ಬಿಡಬೇಕೆಂದು ಕೆಲವರು ಹೇಳುತ್ತಾರೆ. ಪಾರ್ಕಿಂಗ್ ಇಲ್ಲದಿದ್ದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ನನ್ನಂಥವರು ಹೇಳುತ್ತೇವೆ. ತಮ್ಮ ಅಭಿಪ್ರಾಯವೇನು ಮೇಡಂ?

ಉತ್ತರ:

ಸರ್, ತಮ್ಮ ಆತಂಕ ನನಗೆ ಅರ್ಥವಾಗುತ್ತದೆ. ವಾಹನಗಳನ್ನು ತೆಗೆದ ಮಾತ್ರಕ್ಕೆ ಪೇಟೆ ಚೇತರಿಸಿಕೊಂಡೀತು ಎಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಅಮೆರಿಕದ ಕಲಮಜೂ ನಗರ, ಗ್ರೂಯೆನ್ ಅವರದೇ ಸಲಹೆಯ ಮೇಲೆ, 1959ರಲ್ಲಿ ತನ್ನ ಮುಖ್ಯ ಪೇಟೆಬೀದಿಯನ್ನು ನಡೆಯುವವರಿಗೆ ಬಿಟ್ಟಿತು; ಅದನ್ನು ನೋಡಿ ಇತರ ಅನೇಕ ನಗರಗಳು ಹಾಗೆಯೇ ಮಾಡಿದವು. ಅವುಗಳಲ್ಲಿ ಬಹುಪಾಲು ಮುಂದೆ ಮತ್ತೆ ವಾಹನಗಳಿಗೆ ತೆರೆದುಕೊಂಡವು, ಕಲಮಜೂ ಕೂಡ 1998ರಲ್ಲಿ ಬೀದಿಯ ಒಂದು ಭಾಗವನ್ನು ತೆರೆಯಿತು. ಆದರೆ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 1962ರಲ್ಲಿ ವರ್ತಕರ ವಿರೋಧದ ನಡುವೆಯೇ ಪ್ರಯೋಗವೆಂದು ಆರಂಭವಾದ ಸ್ಟ್ರೋಯೆಟ್ ಎಂಬ ನಡೆಬೀದಿ ಇಂದಿಗೂ ಜನರಿಂದ ತುಂಬಿದೆ. ವ್ಯತ್ಯಾಸವಿರುವುದು ಸುತ್ತಲಿನ ಊರಿನಲ್ಲಿ. ಪೇಟೆಯ ಸುತ್ತ ಜನ ವಾಸವಾಗಿದ್ದು, ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬರುವ ಅನುಕೂಲವಿದ್ದರೆ ನಡೆಬೀದಿ ಬದುಕುತ್ತದೆ. ಮನೆಗಳೆಲ್ಲ ದೂರಕ್ಕೆ ಸರಿದ ಮೇಲೆ ಬೀದಿಗೆ ಎಷ್ಟು ಚಂದದ ಕಲ್ಲು ಹಾಸಿದರೂ ಸಂಜೆಯಾದೊಡನೆ ಅದು ಬಿಕೋ ಎನ್ನುತ್ತದೆ.

ಹಾಗೆಂದು ನಿಲುಗಡೆ ಹೆಚ್ಚಿಸುವುದೇ ಪರಿಹಾರವೆಂದೂ ತಿಳಿಯಬೇಡಿ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಂಗಡಿಗಳ ಮುಂದೆ ನಿಂತಿರುವ ವಾಹನಗಳು ಯಾರವು ಎಂದು ಒಂದು ವಾರ ಬರೆದಿಡಿ. ನಾನು ನೋಡಿದ ಬಹುತೇಕ ಪೇಟೆಗಳಲ್ಲಿ ಅವು ವರ್ತಕರವೇ, ಅವರ ಕೆಲಸಗಾರರವೇ ಆಗಿದ್ದವು, ರಾತ್ರಿಯವರೆಗೂ ಅಲ್ಲಿಯೇ ನಿಂತಿರುತ್ತಿದ್ದವು. ಡೊನಾಲ್ಡ್ ಶೌಪ್ ಎಂಬ ನಗರ ಯೋಜನಾ ವಿದ್ವಾಂಸರು ಸಾರಿದ ತತ್ತ್ವ ಸರಳವಾದದ್ದು: ಬೀದಿಯಂಚಿನ ಜಾಗಗಳಲ್ಲಿ ಸುಮಾರು ಶೇ. 85ರಷ್ಟು ತುಂಬಿ, ಪ್ರತಿ ಸಾಲಿನಲ್ಲಿಯೂ ಒಂದೆರಡು ಸದಾ ಖಾಲಿ ಉಳಿಯುವಂತೆ ಶುಲ್ಕವನ್ನು ಇಡಬೇಕು. ಕ್ಯಾಲಿಫೋರ್ನಿಯಾದ ಪಾಸಡೀನಾದ ಹಳೆಯ ಪೇಟೆಯಲ್ಲಿ ನಿಲುಗಡೆ ಶುಲ್ಕ ವಸೂಲು ಮಾಡುವ ಮೀಟರು ಹಾಕುವುದನ್ನು ವರ್ತಕರು ವಿರೋಧಿಸಿದರು. ಮೀಟರಿನಿಂದ ಬರುವ ಹಣವನ್ನು ಅದೇ ಪೇಟೆಯ ಸುಧಾರಣೆಗೆ ಬಳಸುತ್ತೇವೆಂದು ನಗರಾಡಳಿತ ಮಾತು ಕೊಟ್ಟ ಮೇಲೆ ಒಪ್ಪಿದರು. 1993ರಲ್ಲಿ ಮೀಟರುಗಳು ಬಂದವು, ಆ ಹಣದಿಂದ ಕಾಲುದಾರಿಗಳು ದುರಸ್ತಿಯಾದವು, ಗಿಡಗಳೂ ದೀಪಗಳೂ ಬಂದವು. ಶುಲ್ಕಕ್ಕಿಂತ, ಶುಲ್ಕ ಎಲ್ಲಿಗೆ ಹೋಗುತ್ತದೆ ಎಂಬುದೇ ಜನರ ಒಪ್ಪಿಗೆಯನ್ನು ತೀರ್ಮಾನಿಸುತ್ತದೆ.

ಇನ್ನೊಂದು ಮಾತು. ತಮ್ಮ ಗಿರಾಕಿಗಳಲ್ಲಿ ಕಾರಿನಲ್ಲಿ ಬರುವವರು ಎಷ್ಟು ಎಂಬುದನ್ನು ವರ್ತಕರು ಇರುವುದಕ್ಕಿಂತ ಹೆಚ್ಚಾಗಿ ಅಂದಾಜು ಮಾಡುತ್ತಾರೆಂದು ಹಲವು ನಗರಗಳ ಸಮೀಕ್ಷೆಗಳಲ್ಲಿ ಕಂಡುಬಂದಿದೆ. ಆದ್ದರಿಂದ ಜಗಳಕ್ಕೆ ಮೊದಲು ಎಣಿಕೆಯಾಗಲಿ. ವಾರದ ನಡುವಿನ ಒಂದು ದಿನ, ವಾರಾಂತ್ಯದ ಒಂದು ದಿನ, ಬೀದಿಯ ಒಂದೇ ಜಾಗದಲ್ಲಿ ನಿಂತು ಗಂಟೆಗೆ ಎಷ್ಟು ಜನ ಹಾದುಹೋದರೆಂದು ಎಣಿಸಿ. ಕೆಲವರನ್ನು ನಿಲ್ಲಿಸಿ ಹೇಗೆ ಬಂದರು, ಎಷ್ಟು ಹೊತ್ತು ಇರುತ್ತಾರೆ, ಏನು ಸಿಗದೆ ಹಿಂತಿರುಗುತ್ತಿದ್ದಾರೆ ಎಂದು ವಿನಯದಿಂದ ಕೇಳಿ. ಕೊನೆಯ ಪ್ರಶ್ನೆಯ ಉತ್ತರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಖಾಲಿ ಮಳಿಗೆಗೆ ಯಾವ ವ್ಯಾಪಾರವನ್ನು ಕರೆತರಬೇಕೆಂಬುದು ಅದರಲ್ಲಿಯೇ ಇರುತ್ತದೆ.

ಪ್ರಶ್ನೆ (ಕಾರ್ಯದರ್ಶಿ):

ಖಾಲಿ ಮಳಿಗೆಗಳ ವಿಷಯ ಬಂದದ್ದರಿಂದ ಕೇಳುತ್ತಿದ್ದೇನೆ. ಕೆಲವು ಮಾಲೀಕರು ಬಾಡಿಗೆ ಇಳಿಸುವುದಕ್ಕಿಂತ ಬೀಗ ಹಾಕಿಡುವುದೇ ಮೇಲೆನ್ನುತ್ತಾರೆ. ಅವರನ್ನು ಒಪ್ಪಿಸುವುದು ಹೇಗೆ?

ಉತ್ತರ:

ಬೀಗ ಹಾಕಿಡುವುದಕ್ಕೆ ಅವರ ದೃಷ್ಟಿಯಲ್ಲಿ ಕಾರಣಗಳಿರುತ್ತವೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಬಾಡಿಗೆಯ ಮೇಲೆ ಕಟ್ಟಡದ ಮೌಲ್ಯ ನಿಂತಿರುತ್ತದೆ. ಒಮ್ಮೆ ಇಳಿಸಿ ಕರಾರು ಬರೆದರೆ ಸಾಲ ಕೊಟ್ಟವರು ಮೌಲ್ಯವನ್ನೂ ಇಳಿಸಿಯಾರು ಎಂಬ ಭಯ ಕೆಲವರಿಗಿದೆ. ಒಮ್ಮೆ ಬಾಡಿಗೆಗೆ ಬಂದವರು ಬಿಟ್ಟು ಹೋಗಲಾರರು ಎಂಬ ಭಯ ಇನ್ನು ಕೆಲವರಿಗೆ. ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗದೆ ಮುಚ್ಚಿರುವ ಮಳಿಗೆಗಳೂ ಉಂಟು, ಅಲ್ಲಿ ಸಂಘ ಮಾಡಬಹುದಾದದ್ದು ಅತಿ ಕಡಿಮೆ.

ಮೊದಲ ಎರಡು ಭಯಗಳಿಗೆ ಉಪಾಯವಿದೆ. ಕರಾರಿನಲ್ಲಿ ಬಾಡಿಗೆಯ ಮೊತ್ತವನ್ನು ಹಾಗೆಯೇ ಉಳಿಸಿ ಮೊದಲ ಕೆಲವು ತಿಂಗಳಿಗೆ ವಿನಾಯಿತಿ ಕೊಡುವುದು, ಇಲ್ಲವೇ ಕಡಿಮೆ ಮೂಲ ಬಾಡಿಗೆಯ ಜೊತೆ ವಹಿವಾಟಿನ ಒಂದು ಪಾಲನ್ನು ಸೇರಿಸುವುದು, ಇಲ್ಲವೇ ಕೆಲವೇ ತಿಂಗಳ ಅನುಮತಿಪತ್ರದ ಮೇಲೆ ಹೊಸಬರಿಗೆ ಜಾಗ ಕೊಡುವುದು. ಕರಾರಿನ ಮಾದರಿಯನ್ನು ಸಂಘವೇ ವಕೀಲರಿಂದ ಬರೆಸಿ ಇಟ್ಟುಕೊಂಡರೆ ಮಾಲೀಕರ ಅರ್ಧ ಅಂಜಿಕೆ ಕರಗುತ್ತದೆ. ಕೆಲವು ಕಡೆ ಸರ್ಕಾರಗಳು ಕಠಿಣ ದಾರಿ ಹಿಡಿದಿವೆ: ಸ್ಯಾನ್ ಫ್ರಾನ್ಸಿಸ್ಕೊದ ಮತದಾರರು 2020ರಲ್ಲಿ ಖಾಲಿ ಮಳಿಗೆಗಳ ಮೇಲೆ ತೆರಿಗೆಯನ್ನು ಒಪ್ಪಿದರು, ಇಂಗ್ಲೆಂಡಿನಲ್ಲಿ ಬಹುಕಾಲ ಖಾಲಿ ಬಿದ್ದಿರುವ ಮಳಿಗೆಯ ಬಾಡಿಗೆ ಹಕ್ಕನ್ನು ಸ್ಥಳೀಯ ಆಡಳಿತವೇ ಹರಾಜು ಮಾಡುವ ಅಧಿಕಾರವನ್ನು 2023ರ ಕಾನೂನು ಕೊಟ್ಟಿದೆ. ಸಂಘದ ಮಟ್ಟದಲ್ಲಿ ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಕಟ್ಟಡ ಮಾಲೀಕರನ್ನು ಕಾರ್ಯಕಾರಿ ಸಮಿತಿಯೊಳಗೆ ಸೇರಿಸಿಕೊಳ್ಳುವುದು.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು, ಏಕೆಂದರೆ ಇದರಿಂದ ನೋವುಂಡವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಬೀದಿ ಸುಧಾರಿಸಿದಾಗ ಬಾಡಿಗೆ ಏರುತ್ತದೆ. ವಂತಿಗೆ ಕೊಟ್ಟು ದುಡಿದ ಚಿಕ್ಕ ಬಾಡಿಗೆದಾರನೇ ಕೊನೆಗೆ ಜಾಗ ಬಿಡಬೇಕಾಗುತ್ತದೆ. ಬೀದಿಬದಿಯ ವ್ಯಾಪಾರಿಗಳನ್ನು ಎಬ್ಬಿಸುವುದೇ ಸುಧಾರಣೆಯೆಂದು ಕೆಲವು ಸಂಘಗಳು ತಿಳಿಯುತ್ತವೆ. ಜನರನ್ನು ಬೀದಿಗೆ ಎಳೆಯುವವರಲ್ಲಿ ಅವರೂ ಇದ್ದಾರೆ. ಹೀಗಾಗಿ ಸಮಿತಿಯಲ್ಲಿ ಮಾಲೀಕರಿಗೆ ಕೊಡುವಷ್ಟೇ ಸ್ಥಾನಗಳನ್ನು ಬಾಡಿಗೆದಾರರಿಗೂ ಕೊಡಿ, ಬೀದಿಬದಿಯವರ ಪರವಾಗಿ ಮಾತನಾಡುವವರೊಬ್ಬರೂ ಇರಲಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):

ರಸ್ತೆ ಅಗೆತದ ಕಾಮಗಾರಿ ಬಂದರೆ ತಿಂಗಳುಗಟ್ಟಲೆ ವ್ಯಾಪಾರ ನಿಂತುಹೋಗುತ್ತದೆ. ಅದಕ್ಕೆ ಸಂಘ ಏನು ಮಾಡಬಹುದು?

ಉತ್ತರ:

ಕಾಮಗಾರಿ ಆರಂಭವಾಗುವ ಮೊದಲೇ, ಟೆಂಡರಿನ ಷರತ್ತುಗಳು ಬರೆಯಲ್ಪಡುವ ಹಂತದಲ್ಲಿಯೇ ಮಾತನಾಡಬೇಕು. ಇಡೀ ಬೀದಿಯನ್ನು ಒಮ್ಮೆಲೇ ಅಗೆಯದೆ ತುಂಡು ತುಂಡಾಗಿ ಮುಗಿಸುವುದು, ಪ್ರತಿ ಅಂಗಡಿಯ ಬಾಗಿಲಿಗೂ ನಡೆದು ಬರಲು ದಾರಿ ಬಿಡುವುದು, ಹೆಚ್ಚು ವ್ಯಾಪಾರವಿರುವ ತಿಂಗಳುಗಳನ್ನು ತಪ್ಪಿಸುವುದು, ಈ ಮೂರನ್ನು ಷರತ್ತಿನಲ್ಲಿಯೇ ಬರೆಸಿ. ಅಗೆತ ಶುರುವಾದ ಮೇಲೆ ಸಂಘದ ಒಬ್ಬರು ಪ್ರತಿದಿನವೂ ಎಂಜಿನಿಯರರನ್ನು ಕಂಡು, ಮರುದಿನ ಯಾವ ಬಾಗಿಲಿನ ಮುಂದೆ ಕೆಲಸವೆಂಬುದನ್ನು ತಿಳಿದು ಆ ಅಂಗಡಿಯವರಿಗೆ ಸಂಜೆಯೊಳಗೆ ಹೇಳಬೇಕು.