ಯುಕಾಗಿರ್ ಹುಡುಗಿಯ ‘ಪ್ರೇಮಪತ್ರ’: ಇದು ನಿಜಕ್ಕೂ ಪತ್ರವಾ?

ನಿದ್ದೆಗೇಡಿ (ಪ್ರಶ್ನೆ):
ನಿನ್ನೆ ರಾತ್ರಿ ಹಳೆಯ ಲಿಪಿಗಳ ಬಗ್ಗೆ ಏನೋ ಹುಡುಕುತ್ತಿದ್ದಾಗ ಒಂದು ಚಿತ್ರ ಸಿಕ್ಕಿತು. ಮಡಚಿದ ಕೊಡೆಗಳನ್ನು ಸಾಲಾಗಿ ನಿಲ್ಲಿಸಿದ ಹಾಗಿದೆ. ಸುತ್ತ ಚೌಕಟ್ಟು, ನಡುವೆ ಅಡ್ಡಾದಿಡ್ಡಿ ಗೆರೆಗಳು. ಕೆಳಗೆ ‘ಸೈಬೀರಿಯಾದ ಯುಕಾಗಿರ್ ಹುಡುಗಿ ಬರೆದ ಪ್ರೇಮಪತ್ರ’ ಅಂತಿತ್ತು. ಜೊತೆಗೆ ಅದರ ಅರ್ಥ ಅಂತ ಆರೇಳು ಸಾಲು ಬೇರೆ. ಈ ಕೊಡೆಗಳಿಂದ ಅಷ್ಟೊಂದು ಮಾತು ಹೇಗೆ ಹೊರಟಿತು? ಇದು ಲಿಪಿಯಾ, ಇಲ್ಲ ಯಾರೋ ಕಟ್ಟಿದ ಕಥೆಯಾ?

ಗೆರೆಹುಚ್ಚ:
ಚಿತ್ರ ಕಟ್ಟುಕಥೆಯಲ್ಲ. ‘ಪತ್ರ’ ಅನ್ನುವ ಮಾತಿನಲ್ಲೇ ಎಡವಟ್ಟಾಗಿರುವುದು. ನಾನೂ ಇದನ್ನು ಲಿಪಿ ಅಂತಲೇ ನಂಬಿ ಸಿಕ್ಕಸಿಕ್ಕವರಿಗೆ ತೋರಿಸಿಕೊಂಡು ಓಡಾಡಿದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಡೆದುಕೊಳ್ಳಿ.

ಯುಕಾಗಿರರು ಸೈಬೀರಿಯಾದ ಈಶಾನ್ಯ ಮೂಲೆಯಲ್ಲಿ, ಕೊಲಿಮಾ ನದಿಯ ಸೀಮೆಯಲ್ಲಿ ಇರುವವರು. ಬೇಟೆ, ಮೀನು ಅವರ ಬದುಕು. ಉತ್ತರದ ಬಯಲಿನವರು ಹಿಮಸಾರಂಗವನ್ನೂ ಸಾಕುತ್ತಾರೆ. 1890ರ ದಶಕದಲ್ಲಿ ಶಾರ್ಗೊರೊಡ್ಸ್ಕಿ ಎಂಬ ರಷ್ಯನ್ ಗಡೀಪಾರಾಗಿ ಅಲ್ಲಿಗೆ ಹೋಗಿ ಬಿದ್ದ. ಅವರ ಜೊತೆಯಲ್ಲೇ ಇದ್ದು, ಇಂಥ ಚಿತ್ರಗಳನ್ನು 1895ರಲ್ಲಿ ಪ್ರಕಟಿಸಿದ. ಅವನ ಹಾಗೇ ಗಡೀಪಾರಾಗಿದ್ದ ಯೊಖೆಲ್ಸನ್ ಕೂಡ ಇವುಗಳ ಬಗ್ಗೆ ಬರೆದಿದ್ದಾನೆ.

ಈಗ ನಿಮ್ಮ ಕೊಡೆಗಳು. ಒಂದೊಂದು ಕೊಡೆಯೂ ಒಬ್ಬೊಬ್ಬ ಮನುಷ್ಯ. ಪಕ್ಕದಲ್ಲಿ ಚುಕ್ಕೆಗಳ ಸಾಲು ಇಳಿದಿದ್ದರೆ ಅದು ಜಡೆ, ಅಂದರೆ ಹೆಣ್ಣು. ಬುಡದಲ್ಲಿ ಅಗಲವಾಗಿರುವವಳು ರಷ್ಯನ್ ಹೆಂಗಸು, ಅವಳ ಲಂಗ ಅಗಲ ಅಲ್ವಾ! ಚೌಕಟ್ಟು ಅಂದರೆ ಮನೆ. ಇಬ್ಬರ ನಡುವೆ ಹೆಣೆದುಕೊಂಡ ಗೆರೆಗಳು ಪ್ರೀತಿ. ಆ ರಷ್ಯನ್ ಹೆಂಗಸಿನಿಂದ ಹೊರಟ ಗೆರೆ ಅವುಗಳನ್ನು ಕತ್ತರಿಸಿಕೊಂಡು ಹೋಗುತ್ತದೆ. ಒಟ್ಟು ಹೇಳುವುದಿಷ್ಟು: ನೀನು ಹೊರಟುಹೋಗುತ್ತೀಯ, ಅವಳನ್ನು ಕಟ್ಟಿಕೊಳ್ಳುತ್ತೀಯ, ನಾನು ಇಲ್ಲಿ ನಿನ್ನನ್ನೇ ನೆನೆಯುತ್ತಾ ಕೂತಿರುತ್ತೇನೆ.

ಆದರೆ ಇದನ್ನು ಯಾರೂ ಮಡಚಿ ಕಳಿಸುತ್ತಿರಲಿಲ್ಲ. ಹುಡುಗ ಹುಡುಗಿಯರು ಸೇರಿದ ಕಡೆ ಒಬ್ಬಳು ಬರ್ಚ್ ಮರದ ಹಸಿ ತೊಗಟೆ ತೆಗೆದುಕೊಂಡು ಚಾಕುವಿನ ಮೊನೆಯಲ್ಲಿ ಕೊರೆಯಲು ಶುರು ಮಾಡುತ್ತಾಳೆ. ಉಳಿದವರು ಸುತ್ತ ಮುತ್ತಿಕೊಂಡು ‘ಇವನು ಯಾರು, ಇವಳು ಯಾರು’ ಅಂತ ಊಹಿಸುತ್ತಾರೆ. ತಪ್ಪಾದರೆ ನಗು, ಕೀಟಲೆ. ಎಲ್ಲರಿಗೂ ಎಲ್ಲರ ವಿಷಯ ಗೊತ್ತಿದ್ದರಿಂದಲೇ ಆಟ ನಡೆಯುತ್ತಿತ್ತು. ಊರಿನ ಸುದ್ದಿ ಗೊತ್ತಿಲ್ಲದವನಿಗೆ ಅದು ಬರೀ ಕೊಡೆ. ನಿಮಗೂ ನನಗೂ ಆಗಿದ್ದು ಅದೇ.

ಲಿಪಿ ಅಂದರೆ ಗುರುತು ಪರಿಚಯ ಇಲ್ಲದವನೂ ಓದಬೇಕು ಅಂತ ನನ್ನ ಲೆಕ್ಕ. ಆ ಮಾತಿಗೆ ಹತ್ತಿರ ಬರುವುದು ಗಂಡಸರ ತೊಗಟೆಗಳು. ಅವರು ಕೊರೆಯುತ್ತಿದ್ದದ್ದು ನಕ್ಷೆ: ನದಿ, ಉಪನದಿ, ಗುಡಾರ, ದೋಣಿ. ಹಿಂದೆ ಬರುವವರಿಗೆ ‘ನಾವು ಈ ಕಡೆ ಹೋದೆವು’ ಅಂತ ತಿಳಿಯಲಿ ಎಂದು ಇಟ್ಟು ಹೋಗುತ್ತಿದ್ದರು. ಪ್ರೇಮದ ಚಿತ್ರ ಮಾತ್ರ ಹುಡುಗಿಯರದ್ದೇ. ಜಗತ್ತಿಗೆ ಹಿಡಿಸಿದ್ದೂ ಅದೇ, ಪಾಪ ನಕ್ಷೆಗಳನ್ನು ಯಾರು ಕೇಳುತ್ತಾರೆ.

ತಣ್ಣೀರು:
ಮೇಲಿನವರು ಬರೆದದ್ದು ಸರಿ. ಒಂದು ವಿಷಯ ಸೇರಿಸುತ್ತೇನೆ. ‘ನೀನು ಹೊರಟುಹೋಗುತ್ತೀಯ’ ಅನ್ನುವ ಮಾತಿನ ತೂಕ ತಿಳಿಯಬೇಕಾದರೆ ಅವರ ಮದುವೆ ಗೊತ್ತಿರಬೇಕು. ಕಾಡಿನ ಯುಕಾಗಿರರಲ್ಲಿ ಹುಡುಗನೇ ಹುಡುಗಿಯ ಮನೆಗೆ ಬಂದು ನೆಲೆಸುವುದು ರೂಢಿಯಾಗಿತ್ತು. ಮನೆಅಳಿಯ ಅನ್ನಿ. ಬಂದವನು ಬೇಟೆಯಾಡಿ, ಸೌದೆ ಒಡೆದು ತಾನು ಕೆಲಸಕ್ಕೆ ಬರುವವನು ಅಂತ ತೋರಿಸಬೇಕಿತ್ತು. ಮಾವನ ಜೊತೆ ನೇರವಾಗಿ ಮಾತಾಡುವ ಹಾಗಿರಲಿಲ್ಲ, ಸುತ್ತಿ ಬಳಸಿ ಹೇಳಬೇಕಿತ್ತು. ಹುಡುಗಿ ಎಲ್ಲೂ ಹೋಗುವವಳಲ್ಲ. ಅವನು ಬರಬೇಕು, ಇಲ್ಲ ಬಿಟ್ಟು ಹೋಗಬೇಕು.

ರಷ್ಯನ್ ಹೆಂಗಸೂ ಸುಮ್ನೆ ಬಂದವಳಲ್ಲ. 17ನೇ ಶತಮಾನದಲ್ಲಿ ಕೊಸಾಕರು, ಅಂದರೆ ರಷ್ಯಾದ ದೊರೆಯ ಕಡೆಯ ಸೈನಿಕರು, ಬಂದು ತುಪ್ಪಳದ ಕಪ್ಪ ವಸೂಲಿ ಶುರು ಮಾಡಿದರು. ಆ ಕಪ್ಪಕ್ಕೆ ‘ಯಸಾಕ್’ ಅಂತ ಹೆಸರು. ಯುಕಾಗಿರರ ನೆಲೆಮ್ನೊಯೆ ಹಳ್ಳಿ ಇರುವ ನದಿಗೆ ಇವತ್ತಿಗೂ ಯಸಾಚ್ನಾಯಾ ಅಂತಲೇ ಹೆಸರು. ಸಿಡುಬೂ ಬಂತು, ಜನ ಕಡಿಮೆಯಾದರು. 2010ರ ಜನಗಣತಿಯಲ್ಲಿ ರಷ್ಯಾದಲ್ಲಿದ್ದ ಯುಕಾಗಿರರು 1603.

ನಿದ್ದೆಗೇಡಿ:
ಇಬ್ಬರಿಗೂ ಥ್ಯಾಂಕ್ಸ್. ಜಡೆ ಅಂದಮೇಲೆ ಚಿತ್ರ ಮತ್ತೆ ತೆಗೆದು ದೊಡ್ಡದು ಮಾಡಿ ನೋಡಿದೆ. ಆ ಚುಕ್ಕೆಗಳನ್ನು ನಾನು ಅಚ್ಚಿನ ಕೊಳೆ ಅಂದುಕೊಂಡಿದ್ದೆ!