ವರದಿ ಬರುವ ಹೊತ್ತಿಗೆ ತೀರ್ಮಾನ ಮುಗಿದಿರುತ್ತದೆ: ಸಂಶೋಧಕರೊಡನೆ ಒಡಂಬಡಿಕೆ ಹೇಗಿರಬೇಕು?

ಪ್ರಶ್ನೆ (ಮೀಸಲು ಪ್ರದೇಶದ ನಿರ್ವಾಹಕ)

ಒಂದು ಸಂರಕ್ಷಿತ ಅರಣ್ಯದ ನಿರ್ವಹಣೆಯ ಹೊಣೆ ಹಲವು ವರ್ಷಗಳಿಂದ ನನ್ನ ಮೇಲಿದೆ. ಈ ಅವಧಿಯಲ್ಲಿ ಅನೇಕ ಸಂಶೋಧಕರಿಗೆ ಅನುಮತಿ ಕೊಟ್ಟಿದ್ದೇವೆ, ಅವರ ಜೊತೆಗೆ ನಮ್ಮ ಸಿಬ್ಬಂದಿಯನ್ನು ಕಳುಹಿಸಿದ್ದೇವೆ, ತಂಗಲು ಜಾಗ ಮಾಡಿಕೊಟ್ಟಿದ್ದೇವೆ. ಅವರ ಪರಿಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ನಿರ್ವಹಣಾ ಯೋಜನೆ ಬರೆಯಲು ಕುಳಿತಾಗಲೆಲ್ಲ, ನನ್ನ ಕಪಾಟಿನಲ್ಲಿರುವ ಪ್ರಬಂಧಗಳಿಂದ ಒಂದು ಪುಟವನ್ನೂ ಬಳಸಲು ನನಗೆ ಸಾಧ್ಯವಾಗಿಲ್ಲ. ಕೆಲವು ವರದಿಗಳು ಯೋಜನೆಗೆ ಸಹಿ ಬಿದ್ದ ಮೇಲೆ ಬಂದವು, ಕೆಲವು ಬರಲೇ ಇಲ್ಲ.

ಈಗ ನಮ್ಮಲ್ಲಿ ಲಂಟಾನ ಎಂಬ ಕಳೆಪೊದೆ ಹಬ್ಬಿ ಹುಲ್ಲಿನ ನೆಲೆಗಳನ್ನು ಮುಚ್ಚುತ್ತಿದೆ. ಮುಂದಿನ ವರ್ಷದಿಂದ ಅದನ್ನು ತೆರವುಗೊಳಿಸುವ ಕೆಲಸ ಆರಂಭವಾಗಬೇಕು. ಅದೇ ಸಮಯಕ್ಕೆ ಒಂದು ಸಂಶೋಧನಾ ತಂಡ ಮೂರು ವರ್ಷಗಳ ಅಧ್ಯಯನಕ್ಕೆ ಅನುಮತಿ ಕೇಳಿದೆ. ಈ ಬಾರಿ ಅನುಮತಿ ಪತ್ರದಲ್ಲಿ ಏನನ್ನು ಬರೆದುಕೊಂಡರೆ ಅವರ ಅಧ್ಯಯನವೂ ನಮ್ಮ ಕೆಲಸವೂ ಒಂದಕ್ಕೊಂದು ಉಪಯೋಗವಾದೀತು? ಇಂಥ ಅನುಭವವಿರುವವರು ತಿಳಿಸಿದರೆ ಕೃತಜ್ಞನಾಗಿರುತ್ತೇನೆ.

ಉತ್ತರ 1 (ಸಸ್ಯ ಪರಿಸರ ವಿಜ್ಞಾನದ ಸಂಶೋಧಕಿ)

ಸರ್, ನೀವು ಹೇಳಿದ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮೊದಲ ಅಧ್ಯಯನದ ಪ್ರಶ್ನೆಯನ್ನು ಕಾಡನ್ನು ನೋಡುವ ಮೊದಲೇ ಬರೆದಿದ್ದೆ, ಅಲ್ಲಿನ ಅಧಿಕಾರಿಗಳ ಮುಂದಿದ್ದ ತೀರ್ಮಾನ ಯಾವುದೆಂದು ಒಮ್ಮೆಯೂ ಕೇಳಿರಲಿಲ್ಲ. ಆದ್ದರಿಂದ ಅನುಮತಿ ಪತ್ರಕ್ಕಿಂತ ಮೊದಲು ಒಂದು ದಿನ ಇಬ್ಬರೂ ಕುಳಿತು, ಈ ಅಧ್ಯಯನದಿಂದ ನಿಮ್ಮ ಯಾವ ತೀರ್ಮಾನ ಬದಲಾಗಬಹುದು ಎಂಬ ಒಂದೇ ವಾಕ್ಯವನ್ನು ಒಟ್ಟಿಗೆ ಬರೆಯಿರಿ. ಆ ವಾಕ್ಯ ಬರೆಯಲಾಗದಿದ್ದರೆ ಅಧ್ಯಯನ ಒಳ್ಳೆಯದೇ ಇರಬಹುದು, ಆದರೆ ಅದನ್ನು ಸಹಯೋಗವೆಂದು ಕರೆಯಲಾಗದು.

ಲಂಟಾನದ ವಿಷಯದಲ್ಲಿ ಈ ವಾಕ್ಯ ಸುಲಭವಾಗಿ ಸಿಗುತ್ತದೆ. ಗಿಡವನ್ನು ಮೇಲಿನಿಂದ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕಾರ್ಬೆಟ್ ಹುಲಿ ಮೀಸಲು ಪ್ರದೇಶದಲ್ಲಿ ಸಂಶೋಧಕರು ರೂಪಿಸಿದ ಕ್ರಮದಲ್ಲಿ, ತಾಯಿಬೇರನ್ನು ಚಿಗುರೊಡೆಯುವ ಭಾಗದ ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಇಡುತ್ತಾರೆ. ಹಕ್ಕಿಗಳು ಹಣ್ಣು ತಿಂದು ಬೀಜ ಬೀಳಿಸುವ ಮರಗಳ ಕೆಳಗೆ ಮುಂದಿನ ವರ್ಷಗಳಲ್ಲೂ ಸಸಿಗಳನ್ನು ಕೀಳಬೇಕಾಗುತ್ತದೆ. ಈ ಕ್ರಮ ನಿಮ್ಮ ಮಣ್ಣಿನಲ್ಲಿ, ನಿಮ್ಮ ಕೂಲಿಯಾಳುಗಳ ಸಂಖ್ಯೆಯಲ್ಲಿ ನಡೆಯುತ್ತದೆಯೇ, ಎಷ್ಟು ವರ್ಷ ಮರುಕಳೆ ತೆಗೆದರೆ ಹುಲ್ಲು ತಾನಾಗಿ ನಿಲ್ಲುತ್ತದೆ ಎಂಬುದೇ ನಿಮಗೆ ಬೇಕಾದ ಉತ್ತರ.

ಇದಕ್ಕಾಗಿ ನಿಮ್ಮಿಂದ ಒಂದು ಕಷ್ಟದ ಒಪ್ಪಿಗೆ ಬೇಕು: ಕೆಲವು ತಾಕುಗಳನ್ನು ಮುಟ್ಟದೆ ಬಿಡಬೇಕು, ಯಾವುದನ್ನು ಬಿಡುವುದೆಂದು ಚೀಟಿ ಎತ್ತಿ ನಿರ್ಧರಿಸಬೇಕು. ಸುಲಭವಾಗಿ ತಲುಪುವ ಜಾಗಗಳನ್ನಷ್ಟೇ ತೆರವು ಮಾಡಿ, ದೂರದವನ್ನು ಹೋಲಿಕೆಗೆ ಬಿಟ್ಟರೆ, ವ್ಯತ್ಯಾಸ ಬಂದದ್ದು ಕೆಲಸದಿಂದಲೋ ಜಾಗದಿಂದಲೋ ಯಾರೂ ಹೇಳಲಾರರು. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ 1954ರಲ್ಲಿ ಬೆಂಕಿಯ ಪ್ರಯೋಗಕ್ಕಾಗಿ ತಲಾ ಸುಮಾರು 7 ಹೆಕ್ಟೇರ್‌ನ ತಾಕುಗಳನ್ನು ಗುರುತಿಸಿದರು. ಕೆಲವನ್ನು ಪ್ರತಿವರ್ಷ, ಕೆಲವನ್ನು ಎರಡು ಅಥವಾ ಮೂರು ವರ್ಷಕ್ಕೊಮ್ಮೆ ಬೇರೆ ಬೇರೆ ತಿಂಗಳುಗಳಲ್ಲಿ ಸುಡುತ್ತಾರೆ, ಕೆಲವಕ್ಕೆ ಬೆಂಕಿಯನ್ನೇ ತಾಗಿಸುವುದಿಲ್ಲ. ಸಂಶೋಧಕರ ತಲೆಮಾರುಗಳು ಬಂದುಹೋದರೂ ಆ ಪ್ರಯೋಗ ಉಳಿದದ್ದು, ಸುಡುವ ಕೆಲಸವನ್ನು ಉದ್ಯಾನದ ಸಿಬ್ಬಂದಿಯೇ ತಮ್ಮದೆಂದು ನಡೆಸಿಕೊಂಡು ಬಂದದ್ದರಿಂದ.

ಅದೇ ಉದ್ಯಾನದಿಂದ ಕಲಿಯಬೇಕಾದ ಇನ್ನೊಂದು ಪದ್ಧತಿ ಇದೆ. ನದಿಯ ನೀರು, ಬೆಂಕಿ, ಪ್ರಾಣಿಗಳ ಸಂಖ್ಯೆ ಇಂಥವುಗಳಿಗೆ ಮೊದಲೇ ಎಚ್ಚರಿಕೆಯ ಮಿತಿಗಳನ್ನು ಗೊತ್ತುಮಾಡಿ, ಅಳತೆ ಆ ಮಿತಿಯತ್ತ ಸಾಗಿದಾಗ ಅಧಿಕಾರಿಗಳೂ ವಿಜ್ಞಾನಿಗಳೂ ಸೇರಿ ಕ್ರಮವನ್ನು ಚರ್ಚಿಸುತ್ತಾರೆ. ನಿಮ್ಮ ಒಡಂಬಡಿಕೆಯಲ್ಲೂ, ಎರಡನೆಯ ಮಳೆಗಾಲದ ನಂತರ ತಾಕಿನಲ್ಲಿ ಇಷ್ಟಕ್ಕಿಂತ ಹೆಚ್ಚು ಸಸಿಗಳು ಕಂಡರೆ ಕ್ರಮ ಬದಲಿಸುತ್ತೇವೆ ಎಂದು ಅಂಕಿಯನ್ನು ಮೊದಲೇ ಬರೆದುಕೊಳ್ಳಿ.

ಉತ್ತರ 2 (ನಿವೃತ್ತ ಕ್ಷೇತ್ರ ಸಿಬ್ಬಂದಿ)

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಆ ಮಾತುಕತೆಗೆ ಕುಳಿತವರಲ್ಲಿ ಕಾಡು ಕಾಯುವ ವಾಚರ್‌ಗಳು ಇರಲೇಬೇಕು. ಯಾವ ಹಳ್ಳದ ಪಕ್ಕದ ಪೊದೆ ಕಳೆದ ಬೆಂಕಿಯ ನಂತರ ದಟ್ಟವಾಯಿತು, ಯಾವ ಬಯಲಿನಲ್ಲಿ ಹಿಂದೆ ಜಿಂಕೆಗಳು ಮೇಯುತ್ತಿದ್ದವು ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ನಾನು ಗಸ್ತಿನಲ್ಲಿದ್ದ ಕಾಲದಲ್ಲಿ ನಮ್ಮನ್ನು ದಾರಿ ತೋರಿಸಲು ಕರೆದೊಯ್ಯುತ್ತಿದ್ದರು; ಏನು ಕಂಡಿರಿ ಎಂದು ಕೇಳಿದವರು ಬಹಳ ಕಡಿಮೆ. ಆ ನೋವು ಇಂದಿಗೂ ಇದೆ.

ಬೇರೆ ರೀತಿಯೂ ಸಾಧ್ಯ. 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸೈಬರ್‌ಟ್ರ್ಯಾಕರ್ ಎಂಬ ತಂತ್ರಾಂಶವನ್ನು ರೂಪಿಸಿದಾಗ, ಓದು ಬರಹ ಬಾರದ ಜಾಡು ತಜ್ಞರೂ ತಾವು ಕಂಡದ್ದನ್ನು ದಾಖಲಿಸಲೆಂದು ಅದರಲ್ಲಿ ಅಕ್ಷರಗಳ ಬದಲು ಚಿತ್ರಗಳನ್ನು ಇಟ್ಟರು. ಕಪ್ಪು ಘೇಂಡಾಮೃಗಗಳ ಕುರಿತು 1999ರಲ್ಲಿ ಪ್ರಕಟವಾದ ಲೇಖನದಲ್ಲಿ ಆ ಜಾಡು ತಜ್ಞರ ಹೆಸರುಗಳೂ ಲೇಖಕರ ಸಾಲಿನಲ್ಲಿವೆ. ನಿಮ್ಮ ಒಡಂಬಡಿಕೆಯಲ್ಲಿ ಇದಕ್ಕೊಂದು ಷರತ್ತು ಇರಲಿ. ಹಾಗೆಯೇ ಪ್ರತಿ ವರ್ಷದ ಫಲಿತಾಂಶವನ್ನು ಸಂಶೋಧಕರು ಕ್ಯಾಂಪಿಗೆ ಬಂದು, ಸಿಬ್ಬಂದಿಯ ಭಾಷೆಯಲ್ಲಿ, ಸಾಧ್ಯವಾದರೆ ತಾಕಿನ ಮುಂದೆಯೇ ನಿಂತು ವಿವರಿಸಲಿ. ಸಸಿ ಕೀಳುವವನಿಗೆ ತಾನು ಏಕೆ ಕೀಳುತ್ತಿದ್ದೇನೆಂದು ತಿಳಿದರೆ ಎಣಿಕೆಯೂ ಸರಿಯಾಗಿ ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಮುಟ್ಟದೆ ಬಿಡುವ ತಾಕುಗಳ ವಿಷಯವನ್ನು ಮೇಲಧಿಕಾರಿಗಳಿಗೆ ಹೇಗೆ ವಿವರಿಸಬೇಕೆಂದು ಈಗ ಸ್ಪಷ್ಟವಾಯಿತು. ಒಂದು ಅಳುಕು ಉಳಿದಿದೆ. ನಾವು ಮಾಡುತ್ತಿರುವುದೇ ತಪ್ಪೆಂದು ಅಧ್ಯಯನ ಹೇಳಿದರೆ ಏನು ಮಾಡುವುದು? ಇಂಥ ಸಂದರ್ಭದಲ್ಲಿ ಮುಂದಿನ ಅನುಮತಿಯೇ ನಿಂತುಹೋದದ್ದನ್ನು ನೋಡಿದ್ದೇನೆ.

ಉತ್ತರ 3 (ಜೌಗು ಪ್ರದೇಶಗಳ ಅಧ್ಯಯನಕಾರ)

ಈ ಪ್ರಶ್ನೆಗೆ ರಾಜಸ್ಥಾನದ ಭರತಪುರದಲ್ಲಿರುವ, ನೀರುಹಕ್ಕಿಗಳಿಗೆ ಹೆಸರಾದ ಕೇವಲಾದೇವ ಉದ್ಯಾನಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. 1982ರಲ್ಲಿ ಅಲ್ಲಿ ಎಮ್ಮೆಗಳನ್ನು ಮೇಯಿಸುವುದನ್ನು ನಿಷೇಧಿಸಿದರು. ಹಕ್ಕಿಗಳಿಗೆ ಒಳ್ಳೆಯದಾಗಲಿ ಎಂಬುದೇ ಉದ್ದೇಶವಾಗಿತ್ತು, ಮೇಯಿಸುವುದು ನಿಂತರೆ ನೆಲೆ ಸುಧಾರಿಸುತ್ತದೆಂದು ಅನೇಕ ವಿಜ್ಞಾನಿಗಳೂ ನಂಬಿದ್ದರು. ಆದರೆ ಅದೇ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಲ್ಲಿ ನಡೆಸಿದ ದೀರ್ಘ ಅಧ್ಯಯನವು, ತಿನ್ನುವವರಿಲ್ಲದೆ ಬೆಳೆದ ಪಾಸ್ಪಾಲಮ್ ಹುಲ್ಲು ತೆರೆದ ನೀರನ್ನು ಮುಚ್ಚಿ ನೀರುಹಕ್ಕಿಗಳ ನೆಲೆಯನ್ನೇ ಕಿರಿದುಮಾಡುತ್ತಿದೆ ಎಂದು ತೋರಿಸಿತು. ಮೇಯಿಸುವುದನ್ನು ನಿಲ್ಲಿಸಬೇಕೆಂದು ಬಲವಾಗಿ ನಂಬಿದ್ದವರೂ ಆ ಅಳತೆಗಳ ಮುಂದೆ ತಮ್ಮ ಅಭಿಪ್ರಾಯವನ್ನು ಮರುಪರಿಶೀಲಿಸಬೇಕಾಯಿತು. ನಿಷೇಧದ ವೇಳೆಗೆ ಅಧ್ಯಯನ ನಡೆಯುತ್ತಿರದಿದ್ದರೆ, ಹಕ್ಕಿಗಳು ಕಡಿಮೆಯಾದದ್ದಕ್ಕೆ ಪ್ರತಿಯೊಬ್ಬರೂ ಒಂದೊಂದು ಕಾರಣ ಹೇಳಿಕೊಂಡಿರುತ್ತಿದ್ದರು.

ಹಾಗಾಗಿ ಅಹಿತಕರ ಫಲಿತಾಂಶಕ್ಕೆ ನಡೆದುಕೊಳ್ಳುವ ರೀತಿಯನ್ನು ಇಬ್ಬರ ನಡುವೆ ಸ್ನೇಹವಿರುವ ಈಗಲೇ ಬರೆದಿಡಿ. ಸಂಶೋಧಕರು ಪತ್ರಿಕೆಗಳಿಗೂ ನಿಯತಕಾಲಿಕಗಳಿಗೂ ಕೊಡುವ ಮೊದಲು ನಿಮಗೆ ತಿಳಿಸಬೇಕು. ನೀವು ಗೊತ್ತಾದ ದಿನಗಳೊಳಗೆ ಲಿಖಿತವಾಗಿ ಅಭಿಪ್ರಾಯ ಕೊಡಬೇಕು. ಆದರೆ ಪ್ರಕಟಣೆಯನ್ನು ತಡೆಯುವ ಅಧಿಕಾರ ನಿಮಗಿರಬಾರದು. ಗೂಡು, ಗುಹೆ, ಅಪರೂಪದ ಆರ್ಕಿಡ್‌ಗಳ ನಿಖರ ಸ್ಥಾನವನ್ನು ಮಾತ್ರ ಪ್ರಕಟಿಸುವಂತಿಲ್ಲ ಎಂಬ ನಿಮ್ಮ ಷರತ್ತನ್ನು ಅವರು ಒಪ್ಪಲೇಬೇಕು, ಏಕೆಂದರೆ ಕಳ್ಳಬೇಟೆಗಾರರೂ ಓದುತ್ತಾರೆ. ಮೂಲ ದತ್ತಾಂಶದ ಒಂದು ಪ್ರತಿ ಪ್ರತಿ ವರ್ಷ ನಿಮ್ಮ ಕಚೇರಿಗೆ ಬರಲಿ. ನೀವು ವರ್ಗವಾಗಿ ಹೋದಾಗ ಅದನ್ನು ಮುಂದಿನ ಅಧಿಕಾರಿಗೆ ಒಪ್ಪಿಸುವ ಕಡತಗಳ ಪಟ್ಟಿಯಲ್ಲಿ, ಮುಟ್ಟದೆ ಬಿಟ್ಟ ತಾಕುಗಳ ನಕ್ಷೆಯ ಜೊತೆಗೆ ಸೇರಿಸಿ. ಇಲ್ಲವಾದರೆ ಹೊಸದಾಗಿ ಬಂದವರು ಅವನ್ನು ಬಾಕಿ ಉಳಿದ ಕೆಲಸವೆಂದು ತಿಳಿದು ಮೊದಲ ತಿಂಗಳಲ್ಲೇ ತೆರವು ಮಾಡಿಸುತ್ತಾರೆ.