ಅಜ್ಜನ ಕಾಲದ ವಾಟ್ನಿ ದಾವೆಯ ಡಿಕ್ರಿ ನಕಲು ಪಡೆಯುವುದು ಹೇಗೆ? ತಾಲ್ಲೂಕು ಕೋರ್ಟುಗಳಲ್ಲಿ ಹುಡುಕಿದವರ ಅನುಭವಗಳು

ಕೇಳಿದವರು:

ನಮ್ಮ ಊರು ಈಗಿನ ಹಾವೇರಿ ಜಿಲ್ಲೆಯಲ್ಲಿದೆ. ನಾನು ಕೆಲಸದ ನಿಮಿತ್ತ ಪುಣೆಯಲ್ಲಿದ್ದೇನೆ. ನನ್ನ ಅಜ್ಜನಿಗೂ ಅವರ ಅಣ್ಣನಿಗೂ 1970ರ ದಶಕದಲ್ಲಿ ವಾಟ್ನಿ ದಾವೆ (ಆಸ್ತಿ ಪಾಲಿನ ದಾವೆ) ನಡೆದು ಡಿಕ್ರಿ, ಅಂದರೆ ತೀರ್ಪಿನಂತೆ ಹೊರಡುವ ಕೋರ್ಟಿನ ಆದೇಶ, ಆಯಿತೆಂದು ಮನೆಯಲ್ಲಿ ಹೇಳುತ್ತಾರೆ, ಆದರೆ ದಾವೆಯ ನಂಬರು ಯಾರಿಗೂ ನೆನಪಿಲ್ಲ, ನಡೆಸಿದ ವಕೀಲರೂ ಈಗಿಲ್ಲ. ಅಂಥ ಡಿಕ್ರಿಯೇ ಇಲ್ಲವೆಂದು ದೊಡ್ಡಜ್ಜನ ಮೊಮ್ಮಕ್ಕಳು ವಾದಿಸುತ್ತಿದ್ದಾರೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಜ್ಜನ ಹೆಸರು ಹಾಕಿದರೆ ಏನೂ ಬರುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆಯೇ, ಅಥವಾ ನಾನೇ ಹೋಗಬೇಕೇ? ಇಂಥ ಹಳೆಯ ದಾಖಲೆಯನ್ನು ಹುಡುಕಿ ತೆಗೆದವರಿದ್ದರೆ ದಯವಿಟ್ಟು ದಾರಿ ತಿಳಿಸಿ.

ಧಾರವಾಡದ ಕಡೆಯಿಂದ:

ನಾನು ಮೂರು ವರ್ಷಗಳ ಹಿಂದೆ ಇದೇ ಕೆಲಸಕ್ಕೆ ಓಡಾಡಿದವನು. ಮೊದಲ ಎರಡು ಸಲ ಬರಿಗೈಯಲ್ಲಿ ಮರಳಿದೆ, ಏಕೆಂದರೆ ನಾನು ಹೆಸರು ಹಿಡಿದುಕೊಂಡು ಹೋಗಿದ್ದೆ. ಕೋರ್ಟಿನ ದಾಖಲೆ ಕೊಠಡಿಯಲ್ಲಿ ಕಡತಗಳಿರುವುದು ಹೆಸರಿನ ಮೇಲಲ್ಲ, ನಂಬರು ಮತ್ತು ವರ್ಷದ ಮೇಲೆ. "ನಮ್ಮ ಅಜ್ಜನದೊಂದು ಕೇಸಿತ್ತು" ಎಂದರೆ ಅಲ್ಲಿನ ಸಿಬ್ಬಂದಿ ಏನು ಮಾಡಿಯಾರು? ಆದ್ದರಿಂದ ನಂಬರನ್ನು ಕೋರ್ಟಿನ ಹೊರಗೆ ಹುಡುಕಿಕೊಂಡು, ಅನಂತರ ಕೋರ್ಟಿಗೆ ಹೋಗುವುದೇ ಸರಿಯಾದ ಕ್ರಮವೆಂದು ನನಗೆ ತಡವಾಗಿ ಹೊಳೆಯಿತು.

ನನಗೆ ನಂಬರು ಸಿಕ್ಕಿದ್ದು ತಹಶೀಲ್ದಾರ್ ಕಚೇರಿಯಲ್ಲಿ. ಈಗಿನ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿನ ಪಕ್ಕದಲ್ಲಿರುವ ಎಂ.ಆರ್. (ಹಕ್ಕು ಬದಲಾವಣೆ) ನಂಬರನ್ನು ಗುರುತು ಮಾಡಿಕೊಂಡು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋದೆ. ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ತಂತ್ರಾಂಶ ಬರುವ ಮೊದಲಿನ ಕೈಬರಹದ ಪಹಣಿಗಳನ್ನೂ, ನಮ್ಮ ಕಡೆ ಡೈರಿ ಎಂದು ಕರೆಯುವ ಹಕ್ಕು ಬದಲಾವಣೆಯ ಹಳೆಯ ನೋಂದಣಿಗಳನ್ನೂ ದಾಖಲೆ ಶಾಖೆಯಲ್ಲಿ ಅರ್ಜಿ ಕೊಟ್ಟು ತೆಗೆಸಬಹುದು. ಹಕ್ಕು ಬಂದ ರೀತಿಯನ್ನು ಬರೆಯುವ ಜಾಗದಲ್ಲಿ "ಕೋರ್ಟ್ ಹುಕುಂನಾಮೆ (ಡಿಕ್ರಿ) ಪ್ರಕಾರ" ಎಂದು ಒಂದು ಸಾಲಿತ್ತು, ಅದರ ಕೆಳಗೆ ಮಸುಕಾದ ನೀಲಿ ಶಾಯಿಯಲ್ಲಿ ದಾವೆಯ ನಂಬರಿತ್ತು. ಕೊನೆಯ ಅಂಕಿ ಒಂದೋ ಏಳೋ ಎಂದು ತಿಳಿಯದೆ, ಎರಡನ್ನೂ ಬರೆದುಕೊಂಡು ಬಂದೆ.

ಇನ್ನೊಂದು ಜಾಗವನ್ನು ಬಹಳ ಜನ ಮರೆಯುತ್ತಾರೆ. ಸರ್ಕಾರಕ್ಕೆ ಕಂದಾಯ ಕಟ್ಟುವ ಜಮೀನಿನ ವಿಭಾಗಕ್ಕೆ ಡಿಕ್ರಿಯಾದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನ ಪ್ರಕಾರ ನೆಲವನ್ನು ಅಳೆದು ಹಿಸ್ಸೆ ಮಾಡುವುದು ಕಂದಾಯ ಇಲಾಖೆಯ ಕೆಲಸ. ಅದಕ್ಕಾಗಿ ಡಿಕ್ರಿಯ ಪ್ರತಿ ಜಿಲ್ಲಾಧಿಕಾರಿ ಕಚೇರಿಗೂ ಅಲ್ಲಿಂದ ತಾಲ್ಲೂಕಿಗೂ ಹೋಗಿರುತ್ತದೆ. ನಿಮ್ಮ ಸರ್ವೆ ನಂಬರಿಗೆ ಆ ವರ್ಷಗಳಲ್ಲಿ ಪೋಡಿಯಾಗಿದ್ದರೆ, ಅಂದರೆ ಅಳೆದು ತುಂಡು ಮಾಡಿದ್ದರೆ, ಭೂಮಾಪನ ಶಾಖೆಯ ಕಾಗದಗಳಲ್ಲಿ ಅದರ ಜಾಡು ಸಿಗುವ ಸಂಭವವಿದೆ. ಈ ಕಚೇರಿಗಳಲ್ಲಾದರೆ ಮಾಹಿತಿ ಹಕ್ಕಿನ ಅರ್ಜಿಯೂ ನಡೆಯುತ್ತದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು.

ನಂಬರು ಕೈಗೆ ಬಂದ ಮೇಲೂ ಯಾವ ಕೋರ್ಟೆಂಬ ಪ್ರಶ್ನೆ ಉಳಿಯುತ್ತದೆ. ಹಾವೇರಿಯು ಧಾರವಾಡದಿಂದ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಿಮ್ಮ ದಾವೆ ಅಂದಿನ ಮುನ್ಸೀಫ್ ಕೋರ್ಟಿನಲ್ಲಿ, ಅಂದರೆ ಈಗಿನ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ ನಡೆದಿದ್ದರೂ, ಮೇಲ್ಮನವಿ ಆಗಿದ್ದರೆ ಅದರ ಕಡತ ಧಾರವಾಡದಲ್ಲಿ ಇರಬಹುದು. ಎರಡನೆಯ ಮೇಲ್ಮನವಿ ಬೆಂಗಳೂರಿನ ಹೈಕೋರ್ಟಿಗೆ ಹೋಗಿರುತ್ತದೆ, ಏಕೆಂದರೆ ಧಾರವಾಡದ ಪೀಠ ಆರಂಭವಾದದ್ದು 2008ರಲ್ಲಿ. ಮೇಲ್ಮನವಿಯ ಸಮಯದಲ್ಲಿ ಕೆಳ ನ್ಯಾಯಾಲಯದ ಕಡತವನ್ನೇ ಮೇಲಕ್ಕೆ ತರಿಸಿಕೊಳ್ಳುವುದರಿಂದ, ಒಂದು ಕಡೆ "ಕಡತ ಇಲ್ಲ" ಎಂಬ ಉತ್ತರ ಬಂದಾಗ ಅದನ್ನು "ನಾಶವಾಗಿದೆ" ಎಂದು ಅರ್ಥ ಮಾಡಿಕೊಳ್ಳಬೇಡಿ. ಎಲ್ಲಿಗೆ, ಯಾವ ತಾರೀಖಿನಲ್ಲಿ ಹೋಯಿತೆಂದು ವಿನಯದಿಂದಲೇ ಕೇಳಿ.

ನಕಲು ವಿಭಾಗದಿಂದ ನಿವೃತ್ತರಾದವರೊಬ್ಬರು:

ಮೇಲಿನವರು ಹೇಳಿದ್ದಕ್ಕೆ ನಾಲ್ಕು ಮಾತು ಸೇರಿಸುತ್ತೇನೆ. ಇ-ಕೋರ್ಟ್ಸ್‌ನಲ್ಲಿ ಸಿಗಲಿಲ್ಲವೆಂದು ಎದೆಗುಂದಬೇಡಿ. ಕಂಪ್ಯೂಟರ್ ಬರುವ ಮೊದಲೇ ಮುಗಿದುಹೋದ ದಾವೆಗಳು ಬಹುಮಟ್ಟಿಗೆ ಅದರಲ್ಲಿ ಇರುವುದಿಲ್ಲ, ಪ್ರತಿ ಪ್ರಕರಣಕ್ಕೂ ಕಂಪ್ಯೂಟರ್ ಕೊಡುವ ಹದಿನಾರು ಅಕ್ಷರಗಳ ಸಿ.ಎನ್.ಆರ್. ಸಂಖ್ಯೆಯೂ ಅವುಗಳಿಗೆ ಇಲ್ಲ. ಆದರೆ ಅದೇ ಆಸ್ತಿಯ ಮೇಲೆ ಅನಂತರ ಅಂತಿಮ ಡಿಕ್ರಿಯ ಅರ್ಜಿ, ಅಮಲ್ಜಾರಿ (ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ) ಅಥವಾ ಹೊಸ ದಾವೆ ಬಂದಿದ್ದರೆ ಅದು ಸಿಕ್ಕೀತು, ಅದರ ಆದೇಶದಲ್ಲಿ ಹಳೆಯ ದಾವೆಯ ನಂಬರಿನ ಪ್ರಸ್ತಾಪ ಇರುವ ಸಂಭವ ಹೆಚ್ಚು. ಹುಡುಕುವಾಗ "ವಿಲೇವಾರಿಯಾದ" ಪ್ರಕರಣಗಳನ್ನೂ ಆಯ್ಕೆ ಮಾಡಿ. ಅಜ್ಜನ ಹೆಸರಿನ ಬದಲು ದೊಡ್ಡಜ್ಜನ ಮಕ್ಕಳ ಹೆಸರುಗಳನ್ನು, ಇಂಗ್ಲಿಷಿನ ಕಾಗುಣಿತವನ್ನು ಎರಡು ಮೂರು ಬಗೆಯಲ್ಲಿ ಬದಲಿಸಿ ಹಾಕಿ ನೋಡಿ. ಬಸಪ್ಪ, ಬಸವಪ್ಪ, ಬಸಣ್ಣ ಇವು ಮೂವರಲ್ಲ, ಗುಮಾಸ್ತರ ಕೈಯಲ್ಲಿ ಒಬ್ಬರೇ ಮೂರಾದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ನ್ಯಾಯಾಲಯದ ಕಡತಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಸಮಯ ಕಳೆಯಬೇಡಿ. ನ್ಯಾಯಾಲಯದ ನಿಯಮಗಳಲ್ಲಿಯೇ ನಕಲು ಪಡೆಯುವ ದಾರಿ ಇರುವಾಗ ಆ ದಾರಿಯಿಂದಲೇ ಪಡೆಯಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ದಾವೆಯ ಪಕ್ಷಕಾರರಿಗೆ ನಕಲು ಅರ್ಜಿ, ಅದಕ್ಕೆ ಕೋರ್ಟ್ ಫೀ ಸ್ಟಾಂಪು, ಇಷ್ಟೇ ಸಾಕು. ಪಕ್ಷಕಾರರಲ್ಲದವರು ನಕಲು ಏಕೆ ಬೇಕೆಂದು ಅಫಿಡವಿಟ್ ಮೂಲಕ ಹೇಳಿ ನ್ಯಾಯಾಧೀಶರ ಅನುಮತಿ ಪಡೆಯಬೇಕಾಗುತ್ತದೆ. ನೀವು ಮೊಮ್ಮಗನಾದ್ದರಿಂದ ಅಜ್ಜನ ಮರಣ ಪ್ರಮಾಣಪತ್ರವನ್ನೂ ವಂಶವೃಕ್ಷವನ್ನೂ ಜೊತೆಗಿಟ್ಟರೆ ಪ್ರಶ್ನೆಗಳು ಕಡಿಮೆಯಾಗುತ್ತವೆ.

ನಂಬರು ಅನುಮಾನವಾಗಿದ್ದರೆ, ಮೊದಲು ಆ ವರ್ಷದ ಸಿವಿಲ್ ದಾವೆಗಳ ರಿಜಿಸ್ಟರಿನ ಉದ್ಧೃತ ಭಾಗಕ್ಕೆ ಅರ್ಜಿ ಕೊಡಿ. ಆ ರಿಜಿಸ್ಟರಿನ ಒಂದು ಅಡ್ಡಸಾಲಿನಲ್ಲಿ ದಾವೆಯ ಜೀವನಚರಿತ್ರೆಯೇ ಇರುತ್ತದೆ: ವಾದಿ, ಪ್ರತಿವಾದಿ, ಊರು, ದಾವೆಯ ಸ್ವರೂಪ, ತೀರ್ಪಿನ ತಾರೀಖು, ಯಾರ ಪರ, ಮೇಲ್ಮನವಿ ಆಯಿತೇ, ಅಮಲ್ಜಾರಿ ಆಯಿತೇ. ಕಡತ ಸಿಗದಿದ್ದರೂ, ಡಿಕ್ರಿಯೇ ಆಗಿಲ್ಲ ಎನ್ನುವವರಿಗೆ ಈ ಸಾಲು ತಕ್ಕ ಉತ್ತರವಾಗುತ್ತದೆ. ಹಳೆಯ ಕಡತದ ಎಲ್ಲ ಹಾಳೆಗಳೂ ಸಿಗುತ್ತವೆಂದು ನಂಬಿ ಕೂರಬೇಡಿ. ಕಾಲಾವಧಿ ಮುಗಿದ ಕಾಗದಗಳನ್ನು ನಿಯಮದಂತೆ ತೆಗೆದುಹಾಕುತ್ತಾರೆ, ತೀರ್ಪು ಮತ್ತು ಡಿಕ್ರಿಗಳನ್ನು ಮಾತ್ರ ಉಳಿದವುಗಳಿಗಿಂತ ಬಹಳ ಕಾಲ ಕಾಪಾಡುತ್ತಾರೆ. ಸಾಕ್ಷ್ಯವಾಗಿ ಹಾಜರುಪಡಿಸಿ ನಿ.ಪಿ. (ನಿಶಾನೆ ಪಿ) ಎಂದು ಗುರುತು ಹಾಕಿದ ಮೂಲ ಪತ್ರಗಳನ್ನು ಪಕ್ಷಕಾರರು ಅಂದೇ ವಾಪಸು ಪಡೆದಿರುವುದೂ ಉಂಟು.

ಅರ್ಜಿಯಲ್ಲಿ "ಸಂಪೂರ್ಣ ಕಡತದ ನಕಲು" ಎಂದು ಬರೆಯುವವರೇ ಹೆಚ್ಚು. ಹಾಗೆ ಬರೆಯದೆ, ತೀರ್ಪು, ಡಿಕ್ರಿ, ಆಸ್ತಿ ಷೆಡ್ಯೂಲಿನ ಸಹಿತ ವಾದಪತ್ರ, ರಾಜಿಯಾಗಿದ್ದರೆ ರಾಜಿ ಅರ್ಜಿ ಎಂದು ಬಿಡಿಬಿಡಿಯಾಗಿ ಕೇಳಿ. ವಿಭಾಗದ (ವಾಟ್ನಿ) ದಾವೆಯಲ್ಲಿ ಯಾರಿಗೆ ಎಷ್ಟು ಪಾಲೆಂದು ಹೇಳುವ ಪ್ರಾಥಮಿಕ ಡಿಕ್ರಿ ಬೇರೆ, ಆಸ್ತಿಯನ್ನು ಹಂಚಿಕೊಡುವ ಅಂತಿಮ ಡಿಕ್ರಿ ಬೇರೆ. ಎರಡನ್ನೂ ಹೆಸರಿಸದಿದ್ದರೆ ಒಂದು ಮಾತ್ರ ಕೈಗೆ ಬರುತ್ತದೆ.

ಕುಂದಾಪುರದಿಂದ:

ನಮ್ಮ ಮನೆಯಲ್ಲೂ "ಕೋರ್ಟಿನ ಆರ್ಡರು" ಎಂದೇ ಹೇಳುತ್ತಿದ್ದರು. ಆರು ತಿಂಗಳು ಕೋರ್ಟಿನಲ್ಲಿ ಹುಡುಕಿಸಿದ ಮೇಲೆ ಅದು ಕೋರ್ಟಿನದೇ ಅಲ್ಲ, ಭೂ ನ್ಯಾಯಮಂಡಳಿಯದು ಎಂದು ತಿಳಿಯಿತು. ಭೂ ಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಗೇಣಿದಾರರು ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟ ಪ್ರಕರಣಗಳನ್ನೆಲ್ಲ ಆ ಮಂಡಳಿ ತೀರ್ಮಾನಿಸಿತು, ಆ ಕಡತಗಳಿಗಾಗಿ ಕೇಳಬೇಕಾದದ್ದು ತಾಲ್ಲೂಕು ಕಚೇರಿಯನ್ನು. ಕರಾವಳಿಯಲ್ಲಿ ಇದು ಮನೆಮನೆಯ ಕಥೆ. ನಿಮ್ಮದು ಅಣ್ಣತಮ್ಮಂದಿರ ವ್ಯಾಜ್ಯವಾದರೂ, ಜಮೀನು ಒಂದು ಕಾಲಕ್ಕೆ ಗೇಣಿಯದಾಗಿದ್ದರೆ ಹಿರಿಯರ ನೆನಪಿನಲ್ಲಿ ಎರಡೂ ಕಲಸಿಹೋಗಿರಬಹುದು. ಮನೆಯಲ್ಲಿ ಗೇಣಿದಾರರಿಗೆ ಹಕ್ಕು ದೊರೆತದ್ದಕ್ಕೆ ಕೊಡುವ ಹತ್ತನೇ ನಮೂನೆಯ ಪ್ರಮಾಣಪತ್ರವಿದೆಯೇ ಎಂದು ಮೊದಲು ನೋಡಿ.

ಕಲಬುರಗಿಯಿಂದ:

ನಮ್ಮ ಭಾಗದ, 1956ಕ್ಕಿಂತ ಹಿಂದಿನ ದಾಖಲೆ ಬೇಕಾದವರಿಗೆ ಒಂದು ಸೂಚನೆ. ನಿಜಾಮರ ಕಾಲದ ಕಡತಗಳು ಉರ್ದುವಿನಲ್ಲಿವೆ. ನಕಲು ಸಿಕ್ಕರೂ ಅನುವಾದಿಸುವವರು ಬೇಕು, ಅವರು ಕೋರ್ಟು ಒಪ್ಪುವಂಥವರಾಗಿರಬೇಕು. ನಮ್ಮ ಮುತ್ತಜ್ಜನ ಒಂದು ಫೈಸಲಾ (ತೀರ್ಪು) ಓದಿಸಲು, ನಕಲು ಪಡೆಯಲು ಹಿಡಿದದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಇನ್ನೊಬ್ಬರು:

ದೂರದಲ್ಲಿರುವವರು ಮಧ್ಯವರ್ತಿಗೆ ದುಡ್ಡು ಕೊಟ್ಟು ಕೂರಬೇಡಿ. ನನ್ನಿಂದ ಒಬ್ಬಾತ ಎರಡು ಕಂತು ಪಡೆದು, ಕೊನೆಗೆ ಕೊಟ್ಟದ್ದು ಮೊಹರಿಲ್ಲದ ಜೆರಾಕ್ಸ್. ಅರ್ಜಿಯನ್ನು ನಿಮ್ಮ ತಾಯಿಯವರ ಹೆಸರಿನಲ್ಲಿ ಹಾಕುವುದಾದರೆ, ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮೇ ತಿಂಗಳಲ್ಲಿ ಮಾತ್ರ ಹೋಗಬೇಡಿ, ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ ಇರುತ್ತದೆ.

ಕೇಳಿದವರು, ನಾಲ್ಕು ತಿಂಗಳ ಬಳಿಕ:

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಡೈರಿಯಲ್ಲೇ ನಂಬರು ಸಿಕ್ಕಿತು. ರಿಜಿಸ್ಟರಿನ ಸಾಲಿನ ಪ್ರಕಾರ ದಾವೆ ರಾಜಿಯಲ್ಲಿ ಮುಗಿದಿದೆ. ತಾಯಿಯವರ ಹೆಸರಿನಲ್ಲಿ ಅಫಿಡವಿಟ್ ಸಹಿತ ಅರ್ಜಿ ಹಾಕಿದೆವು. ಮೊದಲ ಸಲ ಕಡತ ಸಿಗಲಿಲ್ಲವೆಂದು ಹಿಂಬರಹ ಬಂತು. ಯಾವ ತಾರೀಖಿನಲ್ಲಿ ಎಲ್ಲಿಗೆ ಕಳುಹಿಸಿದ್ದೀರೆಂದು ಕೇಳಿ ಇನ್ನೊಂದು ಅರ್ಜಿ ಕೊಟ್ಟ ಮೇಲೆ, ಬೇರೆ ವರ್ಷದ ರುಮಾಲಿನೊಳಗೆ (ಕಡತಗಳ ಬಟ್ಟೆಗಂಟಿನೊಳಗೆ) ಸೇರಿಹೋಗಿದ್ದ ಕಡತ ಹೊರಬಂತು. ಮೊನ್ನೆ ನಕಲು ಕೈಸೇರಿತು. ಕೊನೆಯ ಹಾಳೆಯ ಹಿಂಬದಿಯಲ್ಲಿ ಅರ್ಜಿಯ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಎಲ್ಲವೂ ಮೊಹರಿನ ಚೌಕದೊಳಗೆ ಇವೆ. ಮೇಲ್ಮನವಿಯ ಕಾಲಾವಧಿಯಲ್ಲಿ ನಕಲಿಗೆ ಹಿಡಿದ ದಿನಗಳನ್ನು ಕಳೆದು ಲೆಕ್ಕ ಹಾಕುವುದರಿಂದ ಆ ಚೌಕವನ್ನು ಹರಿಯದಂತೆ ಇಟ್ಟುಕೊಳ್ಳಿ ಎಂದು ವಕೀಲರು ಹೇಳಿದರು.

ಡಿಕ್ರಿ ಇದೆ, ಅದರಲ್ಲಿ ಮೂರು ಸರ್ವೆ ನಂಬರುಗಳಿವೆ. ಈಗ ತಕರಾರಿರುವ ಕೆರೆಯ ಕೆಳಗಿನ ನಾಲ್ಕನೆಯ ಹೊಲ ಮಾತ್ರ ಆ ರಾಜಿಯ ಷೆಡ್ಯೂಲಿನಲ್ಲಿ ಇಲ್ಲ. ದಾವೆ ಹಾಕುವಾಗಲೇ ಅದನ್ನು ಬಿಟ್ಟಿದ್ದರೋ, ರಾಜಿಯಲ್ಲಿ ಕೈಬಿಟ್ಟರೋ ತಿಳಿಯಲು ವಾದಪತ್ರದ ನಕಲಿಗೆ ಸೋಮವಾರ ಅರ್ಜಿ ಹಾಕುತ್ತಿದ್ದೇನೆ. ಅದನ್ನು ಮೊದಲ ಅರ್ಜಿಯಲ್ಲೇ ಕೇಳಬೇಕೆಂದು ನಿವೃತ್ತರು ಬರೆದಿದ್ದರು, ನಾನು ಡಿಕ್ರಿಯೊಂದೇ ಸಾಕೆಂದುಕೊಂಡಿದ್ದೆ.